ಜೋಲುಕಿವಿ ಚೆಂದ, ಆ ಕಿವಿಯೊಳಗೆ ಇಣುಕಿದ್ದೀರಾ?

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ಪುರವಣಿಯಲ್ಲಿ ನೀವು ಹಾಕಿದ್ದ ಮೊಲದ ಫೋಟೋ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ‘ಅಯ್ಯೋ, ನಮ್ಮ ಗುಂಡನ ಥರವೇ ಇದೆ’ ಅಂತ ಕೂಗಿದರು. ಅದೇ ದುಂಡು ಮುಖ, ಚಪ್ಪಟೆ ಮೂಗು, ಕೆನ್ನೆಯ ಎರಡೂ ಕಡೆ ಜೋತುಬಿದ್ದ ಕಿವಿ. ಆಮೇಲೆ ಫೋಟೋದ ಕೆಳಗಿದ್ದ ಮೂರು ಸಾಲು ಓದಿದೆ. ಮಿನಿ ಲಾಪ್ ತಳಿಯ ಈ ಮೊಲ ಬಲು ಸಾಧು, ಕ್ಯಾರೆಟ್ ಕೊಟ್ಟರೆ ಸಾಕು, ಮಕ್ಕಳು ಎತ್ತಿಕೊಂಡು ಆಡುವುದಕ್ಕೆ ಹೇಳಿ ಮಾಡಿಸಿದ ಪ್ರಾಣಿ ಅಂತ ಇತ್ತು. ಮೂರು ಸಾಲಿನಲ್ಲಿ ನಾಲ್ಕು ತಪ್ಪು! ಜಗಳ ಮಾಡಲು ಬರೆಯುತ್ತಿಲ್ಲ. ಆರು ವರ್ಷದ ಹಿಂದೆ ಹೆಚ್ಚುಕಡಿಮೆ ಇದೇ ಮಾತು ನಂಬಿ ಒಂದು ಮರಿ ಮನೆಗೆ ತಂದವಳು ನಾನು. ಅದಕ್ಕೇ ಸುಮ್ನೆ ಇರಲಾಗಲಿಲ್ಲ.

ಹೆಸರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಅದು ಪೂರ್ತಿ ನಿಮ್ಮ ತಪ್ಪೂ ಅಲ್ಲ. ಫೋಟೋದಲ್ಲಿದ್ದದ್ದು ನೋಡಿದರೆ ಹಾಲೆಂಡ್ ಲಾಪ್ (ಲಾಪ್ ಅಂದರೆ ಜೋಲುಕಿವಿಯ ಮೊಲ). ಬ್ರಿಟನ್ನಿನಲ್ಲಿ ಇದನ್ನೇ ಮಿನಿಯೇಚರ್ ಲಾಪ್ ಅನ್ನುತ್ತಾರೆ, ಬಾಯಿಮಾತಿನಲ್ಲಿ ಮಿನಿ ಲಾಪ್. ಅಮೆರಿಕದಲ್ಲಿ ಮಿನಿ ಲಾಪ್ ಅಂದರೆ ಜರ್ಮನಿ ಮೂಲದ ಬೇರೆಯೇ ತಳಿ. ಅಲ್ಲಿನ ಪ್ರದರ್ಶನಗಳ ನಿಯಮದ ಪ್ರಕಾರ ಹಾಲೆಂಡ್ ಲಾಪ್ 1.8 ಕಿಲೋ ದಾಟುವಂತಿಲ್ಲ, ಮಿನಿ ಲಾಪ್ ಮಾತ್ರ 3 ಕಿಲೋ ಹತ್ತಿರದವರೆಗೂ ತೂಗಬಹುದು. ಬರೀ ಹೆಸರು ಕೇಳಿ ತಂದರೆ ಅಂಗೈಯಲ್ಲಿ ಹಿಡಿಸುವ ಮರಿ ನಾಳೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ. ಅಪ್ಪ ಅಮ್ಮ ಮೊಲಗಳನ್ನು ಕಣ್ಣಾರೆ ನೋಡಿ ತರುವುದೇ ಸರಿ.

ಆ ಕಿವಿಯ ಕಥೆ ಮಾತ್ರ ಸ್ವಲ್ಪ ಉದ್ದ. ನೆದರ್ಲೆಂಡ್ಸ್‌ನಲ್ಲಿ ಆಡ್ರಿಯಾನ್ ಡಿ ಕಾಕ್ ಅನ್ನುವವರು 1949ರ ಹೊತ್ತಿಗೆ ದೊಡ್ಡ ಗಾತ್ರದ ಫ್ರೆಂಚ್ ಲಾಪನ್ನು ಪುಟಾಣಿ ನೆದರ್ಲೆಂಡ್ ಡ್ವಾರ್ಫ್ ಜೊತೆ ಕೂಡಿಸಲು ಹೊರಟರು. ಜೋಲುಕಿವಿ ಬೇಕು, ಆದರೆ ಮೊಲ ಚಿಕ್ಕದಿರಬೇಕು, ಇದು ಅವರ ಆಸೆ. ಬದುಕಿದ ಮೊದಲ ಮರಿಗಳ ಕಿವಿ ನೆಟ್ಟಗೇ ನಿಂತಿತು. ಆಮೇಲೆ ಇಂಗ್ಲಿಷ್ ಲಾಪ್ ಮೊಲವನ್ನೂ ಬಳಸಿಕೊಂಡು ತಲೆಮಾರಿನ ಮೇಲೆ ತಲೆಮಾರು ಆರಿಸುತ್ತಾ ಹೋದರು. 1964ರಲ್ಲಿ ಅವರ ದೇಶದಲ್ಲಿ ಈ ತಳಿಗೆ ಮಾನ್ಯತೆ ಸಿಕ್ಕಿತು. ಅಂದರೆ ಹದಿನೈದು ವರ್ಷ ಕೂತು ಬೀಳಿಸಿದ ಕಿವಿ ಇದು! ಕಾಡಿನ ಮೊಲಕ್ಕೆ ಇಂಥ ಕಿವಿ ಇರುವುದಿಲ್ಲ. ನಾವು ಬೀಳಿಸಿದ್ದೇವೆ, ಹಾಗಾಗಿ ಅದನ್ನು ನೋಡಿಕೊಳ್ಳುವ ಕೆಲಸವೂ ನಮ್ಮದೇ ಅಲ್ವಾ?

ಗುಂಡನಿಗೆ ಎರಡು ವರ್ಷ ಆಗುವವರೆಗೂ ನನಗೆ ಇದು ಹೊಳೆದಿರಲಿಲ್ಲ. ಕಿವಿ ಸವರಿದರೆ ಕಣ್ಣು ಮುಚ್ಚಿ ಕೂರುತ್ತಿದ್ದವಳು (ಹೌದು, ಗುಂಡ ಹೆಣ್ಣು, ಅದನ್ನು ಆಮೇಲೆ ಹೇಳುತ್ತೇನೆ) ಒಂದು ದಿನ ಕೈ ಹತ್ತಿರ ಬಂದರೆ ತಲೆ ತಪ್ಪಿಸಲು ಶುರುಮಾಡಿದಳು. ಆಗಾಗ ತಲೆ ಒದರುತ್ತಿದ್ದಳು. ಊಟದಲ್ಲಿ ವ್ಯತ್ಯಾಸ ಇಲ್ಲ, ಓಡಾಟವೂ ಹಾಗೇ ಇತ್ತು, ಮುನಿಸಿಕೊಂಡಿದ್ದಾಳೆ ಅಂದುಕೊಂಡೆ. ವಾರ ಕಳೆದ ಮೇಲೆ ಕಿವಿಯ ಬುಡದಲ್ಲಿ ಅಡಿಕೆ ಗಾತ್ರದ ಉಬ್ಬು ಕೈಗೆ ಸಿಕ್ಕಿತು. ಕಿವಿ ಎತ್ತಿ ಮೂಸಿದರೆ ಕೆಟ್ಟ ವಾಸನೆ.

ಡಾಕ್ಟರು ವಿವರಿಸಿದ ಮೇಲೆ ಅರ್ಥವಾಯಿತು. ನೆಟ್ಟಗಿರುವ ಕಿವಿಯ ಕಾಲುವೆ ಮೇಲಿನವರೆಗೂ ತೆರೆದಿರುತ್ತದೆ, ಗುಗ್ಗೆ ತಾನಾಗಿಯೇ ಹೊರಗೆ ಬರುತ್ತದೆ. ಜೋಲುಕಿವಿಯಲ್ಲಿ ಬುಡದ ಹತ್ತಿರ ಕಾಲುವೆ ಮಡಚಿಕೊಳ್ಳುತ್ತದೆ, ನೀರಿನ ಪೈಪನ್ನು ಬಗ್ಗಿಸಿ ಹಿಡಿದ ಹಾಗೆ. ಒಳಗಿನ ಗುಗ್ಗೆಗೆ ದಾರಿ ಇಲ್ಲ. ಅದು ಅಲ್ಲೇ ಕೂತು ಗಟ್ಟಿಯಾಗಿ, ಕೀವಾಗಿ, ಬುಡದಲ್ಲಿ ಉಬ್ಬು ಏಳುತ್ತದೆ, ಇನ್ನೂ ಬಿಟ್ಟರೆ ಸೋಂಕು ಒಳಗಿವಿಗೆ ಹೋಗಿ ಮೊಲ ತಲೆ ಓರೆ ಮಾಡಿಕೊಂಡು ಸುತ್ತಲು ಶುರುಮಾಡಬಹುದು. ಇದು ನಮ್ಮ ಗುಂಡನೊಬ್ಬಳ ಹಣೆಬರಹವಲ್ಲ. ಬ್ರಿಟನ್ನಿನ ಒಂದು ಪ್ರಾಣಿ ಆಶ್ರಯದಲ್ಲಿ 15 ಜೋಲುಕಿವಿಯ ಮತ್ತು 15 ನೆಟ್ಟಗಿವಿಯ ಮೊಲಗಳನ್ನು ಪರೀಕ್ಷಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಜೋಲುಕಿವಿಯವುಗಳಲ್ಲಿ ಕಾಲುವೆ ಕಿರಿದು, ಗುಗ್ಗೆ ಜಾಸ್ತಿ, ಮುಟ್ಟಿದರೆ ನೋವಿನ ಲಕ್ಷಣವೂ ಜಾಸ್ತಿ. ಮೂವತ್ತೇ ಮೊಲ, ಸಣ್ಣ ಲೆಕ್ಕ, ನಿಜ. ಆದರೂ ನಾನು ಮನೆಯಲ್ಲಿ ಕಂಡದ್ದೂ ಅದೇ.

ಆವತ್ತಿನಿಂದ ವಾರಕ್ಕೊಮ್ಮೆ ಕಿವಿ ಎತ್ತಿ ನೋಡುತ್ತೇನೆ, ಮೂಸುತ್ತೇನೆ, ಬುಡವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಹತ್ತಿ ಸುತ್ತಿದ ಕಡ್ಡಿ ಹಾಕಲು ಹೋಗಬೇಡಿ, ಗುಗ್ಗೆ ಇನ್ನಷ್ಟು ಒಳಗೆ ಹೋಗುತ್ತದೆ. ಮನೆಯಲ್ಲಿ ಉಳಿದಿರುವ ಮಾತ್ರೆ ಪುಡಿಮಾಡಿ ಕೊಡುವುದಂತೂ ಬೇಡವೇ ಬೇಡ. ನಾವು ಕೆಮ್ಮಿಗೂ ನುಂಗುವ ಅಮಾಕ್ಸಿಸಿಲಿನ್ ಮೊಲದ ಹೊಟ್ಟೆಗೆ ಹೋದರೆ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಮೊಲವೂ ಸಾಯಬಹುದು. ಮೊಲ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವ, ನೋವು ತೋರಿಸಿದರೆ ಬೇಟೆಗೆ ಸಿಗುತ್ತೇನೆ ಅನ್ನುವುದು ಅದರ ರಕ್ತದಲ್ಲೇ ಇದೆ. ನಾಯಿಯ ಹಾಗೆ ಕುಂಯ್ ಅನ್ನುವುದಿಲ್ಲ. ಹುಡುಕಿ ನೋಡಿದರೆ ಮಾತ್ರ ಗೊತ್ತಾಗುವುದು.

ಇನ್ನು ‘ಸಾಧು’ ಅನ್ನುವ ಮಾತು. ಗುಂಡನನ್ನು ಮಾರಿದವರು ಗಂಡು ಅಂತಲೇ ಕೊಟ್ಟಿದ್ದರು, ಅದಕ್ಕೇ ಆ ಹೆಸರು. ಐದನೇ ತಿಂಗಳಿಗೆ ಮಹಾರಾಯ್ತಿ ಗೂಡಿಗೆ ಕೈ ಹಾಕಿದರೆ ಗುರ್ ಅಂತ ಮೇಲೆ ಬೀಳತೊಡಗಿದಳು, ತನ್ನದೇ ಎದೆಯ ಕೂದಲು ಕಿತ್ತು ಮೂಲೆಯಲ್ಲಿ ಹಾಸಿಗೆ ಮಾಡಿದಳು. ಬಸಿರಿಲ್ಲದೆಯೂ ಹೆಣ್ಣು ಮೊಲ ಹೀಗೆ ಮಾಡುತ್ತದಂತೆ. ಫೋನ್ ಮಾಡಿ ಕೇಳಿದರೆ ಮಾರಿದವರು ಆಗಲೂ ಗಂಡೇ ಅಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಇಷ್ಟು ಸರಿಯಾಗಿ ಕೂರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ, ಒಪ್ಪುತ್ತೇನೆ, ಆದರೆ ನಾಲ್ಕು ತಿಂಗಳಿಗೇ ಮರಿ ಹಾಕುವ ವಯಸ್ಸಿಗೆ ಬರುವ, ಒಂದು ತಿಂಗಳಲ್ಲೇ ಹೆರುವ ಪ್ರಾಣಿಯ ವಿಷಯದಲ್ಲಿ ಇಂಥ ತಪ್ಪು ಸಣ್ಣದಲ್ಲ. ಅವಳ ಜೊತೆಗೆ ಇನ್ನೊಂದು ‘ಗಂಡು’ ತಂದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಮನೆಯಲ್ಲೇ ಮರಿ ಮಾಡಿಸೋಣ ಅನ್ನುವ ಆಸೆ ಯಾರಿಗಾದರೂ ಇದ್ದರೆ ಇದೊಂದು ತಿಳಿದಿರಲಿ. ಈ ತಳಿ ಕುಳ್ಳಗಿರುವುದು ಒಂದು ಜೀನ್‌ನಿಂದ. ಅದು ಅಪ್ಪ ಅಮ್ಮ ಇಬ್ಬರಲ್ಲೂ ಇದ್ದರೆ, ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಕಡೆಯಿಂದ ಬರುತ್ತದೆ. ಅಂಥ ಮರಿ ಬೆರಳಷ್ಟೇ ಇದ್ದು ಕೆಲವೇ ದಿನದಲ್ಲಿ ಸಾಯುತ್ತದೆ. ಮೊಲ ಸಾಕುವವರು ಇವಕ್ಕೆ ‘ಪೀನಟ್’ ಅಂತ ಮುದ್ದಾದ ಹೆಸರಿಟ್ಟಿದ್ದಾರೆ. ನನಗಂತೂ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ.

ನಾವು ಗುಂಡನಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದೆವು. ಹೆಣ್ಣು ಮೊಲವನ್ನು ಹಾಗೇ ಬಿಟ್ಟರೆ ವಯಸ್ಸಾಗುತ್ತಾ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಜಾಸ್ತಿ. ಮೊದಲು ಹೋದ ಕಡೆ ‘ರಾತ್ರಿಯಿಂದ ಏನೂ ಕೊಡಬೇಡಿ, ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬನ್ನಿ’ ಅಂದರು. ಯಾಕೋ ಅನುಮಾನ ಬಂದು ಇನ್ನೊಬ್ಬ ಡಾಕ್ಟರನ್ನು ಕೇಳಿದೆ. ಅವರು ನಕ್ಕು, ನಾಯಿ ಬೆಕ್ಕಿನ ಲೆಕ್ಕ ಇದಕ್ಕೆ ಹಾಕಬೇಡಿ ಅಂದರು. ಮೊಲಕ್ಕೆ ವಾಂತಿಯೇ ಆಗುವುದಿಲ್ಲ, ಹಾಗಾಗಿ ಉಪವಾಸ ಬೇಕಿಲ್ಲ. ಬೇಕಿಲ್ಲ ಅಷ್ಟೇ ಅಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಅದರ ಕರುಳಿನ ಓಡಾಟವೇ ನಿಂತುಹೋಗಬಹುದು, ನಿಂತರೆ ಜೀವಕ್ಕೇ ಅಪಾಯ. ಹೊಟ್ಟೆ ಕೆಟ್ಟಾಗ ಲಂಘನಂ ಪರಮೌಷಧಂ ಅನ್ನುವುದು ನಮಗೆ ಬಾಯಿಪಾಠ, ಆದರೆ ಮೊಲ ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಮುದುರಿ ಕೂತಿದ್ದರೆ ‘ನಾಳೆ ನೋಡೋಣ’ ಅನ್ನುವ ಹಾಗಿಲ್ಲ, ಆ ಹೊತ್ತಿಗೇ ಡಾಕ್ಟರ ಹತ್ತಿರ ಓಡಬೇಕು.

ಕ್ಯಾರೆಟ್ ವಿಷಯಕ್ಕೆ ಬರುತ್ತೇನೆ. ಕ್ಯಾರೆಟ್ಟಿನಲ್ಲಿ ಸಿಹಿ ಜಾಸ್ತಿ, ಮೊಲಕ್ಕೆ ಅದು ಮಿಠಾಯಿ ಇದ್ದ ಹಾಗೆ. ಒಂದು ಚೂರು ಯಾವಾಗಲಾದರೂ ಕೊಡಿ, ಬೇಡ ಅನ್ನುವುದಿಲ್ಲ. ಊಟ ಅಂದರೆ ಹುಲ್ಲು. ಹೊಟ್ಟೆಗೆ ಹೋಗುವುದರಲ್ಲಿ ನೂರಕ್ಕೆ ಎಂಬತ್ತು ಪಾಲು ಒಣಹುಲ್ಲೇ ಇರಬೇಕು, ದಿನಕ್ಕೆ ಅದರ ಮೈಯಷ್ಟು ದೊಡ್ಡ ಕಂತೆ. ಒಣಹುಲ್ಲು ಅಂದ ತಕ್ಷಣ ಕಾಳು ಬಿಡಿಸಿದ ಮೇಲೆ ಉಳಿಯುವ ಹಳದಿ ಹುಲ್ಲು ತಂದುಬಿಡಬೇಡಿ, ನಾನು ಹಾಗೇ ಮಾಡಿದ್ದೆ. ಅದು ಹಾಸಿಗೆಗೆ ಸರಿ, ಅದರಲ್ಲಿ ಸತ್ವ ಇಲ್ಲ. ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದ್ದು ಬೇಕು, ತಿಮೋತಿ ಹುಲ್ಲಿನಂಥದ್ದು. ಕುದುರೆ ಮಸಾಲೆ ಸೊಪ್ಪು ಬೆಳೆಯುವ ಮರಿಗೆ ಒಳ್ಳೆಯದು, ದೊಡ್ಡವಕ್ಕೆ ಅದರಲ್ಲಿ ಕ್ಯಾಲ್ಸಿಯಂ ಅತಿಯಾಗುತ್ತದೆ. ಜೊತೆಗೆ ಒಂದು ಹಿಡಿ ಸೊಪ್ಪು, ಒಂದೆರಡು ಚಮಚ ಪೆಲೆಟ್ (ಅಂಗಡಿಯಲ್ಲಿ ಸಿಗುವ ಮೊಲದ ಆಹಾರದ ಗುಳಿಗೆ), ಸದಾ ನೀರು. ಬಾಟಲಿಯ ನಳಿಗೆಗಿಂತ ಬಟ್ಟಲಿನಲ್ಲಿಟ್ಟರೆ ಜಾಸ್ತಿ ಕುಡಿಯುತ್ತವೆ.

ಹುಲ್ಲು ಹೊಟ್ಟೆಗಷ್ಟೇ ಅಲ್ಲ, ಹಲ್ಲಿಗೂ ಬೇಕು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್. ಹುಲ್ಲನ್ನು ಅತ್ತಿಂದಿತ್ತ ಅರೆದು ಅರೆದೇ ಅದು ಸವೆಯಬೇಕು. ಸವೆಯದಿದ್ದರೆ ದವಡೆ ಹಲ್ಲಿನ ಅಂಚು ಮೊನೆಯಾಗಿ ನಾಲಿಗೆ ಕೆನ್ನೆ ಕೊಯ್ಯುತ್ತದೆ, ಹಸಿವಿದ್ದರೂ ತಿನ್ನಲು ಆಗುವುದಿಲ್ಲ. ಮುಖ ಮೊಟಕಾದ ಪುಟ್ಟ ತಳಿಗಳಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಸರಿಯಾಗಿ ಕೂರದೆ ಹುಟ್ಟುವುದೂ ಉಂಟು. ಮರಿ ತರುವಾಗ ತುಟಿ ಎತ್ತಿ ನೋಡಿ. ನಾವು ನೋಡಿದ್ದು ಕಿವಿ ಒಂದೇ.

ಇನ್ನೊಂದು, ಮುಂಜಾನೆ ಹೊತ್ತು ಮೊಲ ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಏನೋ ನುಂಗುವುದು ಕಂಡರೆ ಹೇಸಿಗೆಪಟ್ಟು ಬೈಯಬೇಡಿ. ಅದು ಮೆತ್ತನೆಯ ಬೇರೆ ಥರದ ಹಿಕ್ಕೆ, ಅದರಲ್ಲಿ ಪೋಷಕಾಂಶ ಇರುತ್ತದೆ. ಹಸು ಮೆಲುಕು ಹಾಕುವ ಹಾಗೆ ಮೊಲಕ್ಕೆ ಇದು ಎರಡನೇ ಸಲದ ಊಟ.

ನಿಮ್ಮ ಫೋಟೋದಲ್ಲಿ ನನಗೆ ನಿಜಕ್ಕೂ ಎದೆ ಝಲ್ಲೆನಿಸಿದ್ದು ಆ ಮಗು ಮೊಲವನ್ನು ಹಿಡಿದ ರೀತಿ. ಕಂಕುಳಿಗೆ ಕೈ ಕೊಟ್ಟು ಎತ್ತಿದೆ, ಹಿಂಗಾಲು ಗಾಳಿಯಲ್ಲಿ ನೇತಾಡುತ್ತಿದೆ. ಮಗುವಿನದೇನೂ ತಪ್ಪಿಲ್ಲ. ಮೊಲದ ಮೂಳೆಯೆಲ್ಲ ಸೇರಿದರೂ ಮೈತೂಕದ ನೂರರಲ್ಲಿ ಎಂಟು ಪಾಲು ಬರುವುದಿಲ್ಲ, ಅಷ್ಟು ಹಗುರ, ಆದರೆ ಹಿಂಗಾಲಿನ ಮಾಂಸಖಂಡ ಮಹಾ ಗಟ್ಟಿ. ಆಧಾರವಿಲ್ಲದೆ ಎತ್ತಿದಾಗ ಗಾಬರಿಯಿಂದ ಒಮ್ಮೆ ಜಾಡಿಸಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಮುರಿದರೆ ಹಿಂಗಾಲು ಹೋದ ಹಾಗೇ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ನಮ್ಮ ಮೈಗೆ ಒತ್ತಿಕೊಂಡು ಎತ್ತಬೇಕು. ಕಿವಿ ಹಿಡಿದು ಎತ್ತುವುದು ಜಾದೂಗಾರರ ಚಿತ್ರದಲ್ಲಿ ಮಾತ್ರ ಇರಲಿ. ಮಕ್ಕಳಿಗಂತೂ ಎತ್ತಲು ಬಿಡದಿರುವುದೇ ವಾಸಿ. ನನ್ನ ಅಕ್ಕನ ಮಗಳು ಬಂದರೆ ನೆಲದ ಮೇಲೆ ಕಾಲು ಚಾಚಿ ಕೂತು ಪುಸ್ತಕ ಓದುತ್ತಾಳೆ, ಅಷ್ಟೇ. ಹತ್ತು ನಿಮಿಷದಲ್ಲಿ ಗುಂಡ ತಾನೇ ಹೋಗಿ ಅವಳ ಮಂಡಿಗೆ ಗದ್ದ ಉಜ್ಜುತ್ತಾಳೆ. ಇದು ನನ್ನದು ಅಂತ ವಾಸನೆಯ ಮುದ್ರೆ ಒತ್ತುವ ಕೆಲಸ ಅದು, ಕುರ್ಚಿಯ ಕಾಲಿಗೂ ಮಾಡುತ್ತಾಳೆ, ಅದನ್ನು ನಾವು ಹುಡುಗಿಗೆ ಹೇಳಿಲ್ಲ.

ಮಿಕ್ಕಿದ್ದು ಬೇಗ ಹೇಳಿಬಿಡುತ್ತೇನೆ. ಬೋನು ರಾತ್ರಿಗೆ ಮಾತ್ರ, ದಿನಕ್ಕೆ ಮೂರ್ನಾಲ್ಕು ಗಂಟೆಯಾದರೂ ಓಡಾಡಲು ಬಿಡಬೇಕು, ಬಿಡುವ ಮೊದಲು ಚಾರ್ಜರ್ ವೈರುಗಳನ್ನು ಮೇಲೆ ಎತ್ತಿಡಿ. ಸ್ನಾನ ಬೇಡ. ಬಿಸಿಲು ಇದಕ್ಕೆ ಆಗದು, 28 ಡಿಗ್ರಿ ದಾಟಿದರೆ ನೆರಳು, ಗಾಳಿ, ತಣ್ಣನೆಯ ಹಾಸುಗಲ್ಲು ಏನಾದರೂ ಬೇಕು. ಒಂಟಿಯಾಗಿಡುವುದಕ್ಕಿಂತ ಆಪರೇಷನ್ ಆದ ಜೋಡಿ ಒಳ್ಳೆಯದು. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ, ಅಂದರೆ ಐದನೇ ಕ್ಲಾಸಿನ ಮಗುವಿಗೆ ತಂದುಕೊಟ್ಟ ಮೊಲ ಆ ಮಗು ಕಾಲೇಜಿಗೆ ಹೋಗುವಾಗಲೂ ಇರುತ್ತದೆ. ಆಗ ಕಿವಿ ಎತ್ತಿ ನೋಡುವವರು ಯಾರು ಅನ್ನುವುದು ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ.

ನನ್ನ ಕೋರಿಕೆ ಇಷ್ಟೇ ಸಂಪಾದಕರೇ. ಮುಂದಿನ ಸಲ ಮೊಲದ ಫೋಟೋ ಹಾಕುವಾಗ ನಾಲ್ಕು ಕಾಲೂ ನೆಲದ ಮೇಲಿರುವುದನ್ನು ಆರಿಸಿ, ಕೆಳಗೆ ಕ್ಯಾರೆಟ್ ಬದಲು ಹುಲ್ಲು ಅಂತ ಬರೆಯಿರಿ. ಫೋಟೋ ಸಿಗದಿದ್ದರೆ ಹೇಳಿ, ಗುಂಡನದು ಕಳಿಸುತ್ತೇನೆ. ಕ್ಯಾಮೆರಾ ಕಡೆ ನೋಡುತ್ತಾಳೆ ಅಂತ ಮಾತ್ರ ಮಾತು ಕೊಡಲಾರೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ