ಸೆನ್ಸರ್ ಹೋಯಿತು, ಹಿಡಿಕೆ ಬಂತು

ಪ್ರೀತಿಯ ಗ್ರಾಹಕರೇ,

ಬರುವ ತಿಂಗಳಿನಿಂದ ನಾವು ಮನೆಗಳಿಗೆ ಬೆಳಕು ಅಳೆಯುವ ಸೆನ್ಸರ್, ಮೋಟಾರ್ ಇರುವ ಲೂವರ್ (ಬಿಸಿಲು ತಡೆಯಲು ಕಿಟಕಿಯ ಹೊರಗೆ ಕೂರಿಸುವ ಅಲ್ಯೂಮಿನಿಯಂ ಪಟ್ಟಿಗಳು) ಹಾಕುವುದಿಲ್ಲ. ಒಳಗೆ ಹಿಡಿಕೆ ತಿರುಗಿಸಿದರೆ ಹೊರಗಿನ ಪಟ್ಟಿಗಳು ವಾಲುವ ಮಾದರಿ ಮಾತ್ರ.

ಕಾರಣ ನಿಮಗೇ ಗೊತ್ತು. ಕಳೆದ ಮಳೆಗಾಲದಲ್ಲಿ ನಮ್ಮ ಫೋನ್ ಸುಮ್ಮನಿದ್ದ ದಿನವೇ ಇಲ್ಲ. ಮೋಡ ಬಂದರೆ ಪಟ್ಟಿ ತೆರೆಯಿತು, ಮೋಡ ಸರಿದರೆ ಮುಚ್ಚಿತು, ದಿನವಿಡೀ ಕಿರ್ ಕಿರ್. ಉರ್ವದ ಒಂದು ಮನೆಯಲ್ಲಿ ಕಾಗೆ ಸರಿಯಾಗಿ ಸೆನ್ಸರ್ ಮೇಲೆಯೇ ಹಿಕ್ಕೆ ಹಾಕಿತ್ತು. ಕತ್ತಲಾಯಿತು ಅಂದುಕೊಂಡಿತು ಸೆನ್ಸರ್. ಮಧ್ಯಾಹ್ನ 3ರ ಬಿಸಿಲಿಗೆ ಪಟ್ಟಿಗಳೆಲ್ಲ ಬಾಯಿ ಬಿಟ್ಟುಕೊಂಡು ನಿಂತವು. ಆ ಮನೆಯ ಅಜ್ಜಿ ಪ್ಲಗ್ ಕಿತ್ತು ಫೋನ್ ಮಾಡಿ, "ನಿಮ್ಮ ಮಿಷನ್‌ಗಿಂತ ನನ್ನ ಕೈ ವಾಸಿ ಮಾರಾಯ್ರೆ" ಅಂದರು. ಆವತ್ತು ಸಿಟ್ಟು ಬಂದಿತ್ತು. ಈಗ ಅಜ್ಜಿ ಹೇಳಿದ್ದೇ ಸರಿ ಅನ್ನಿಸುತ್ತದೆ. ಕ್ಷಮಿಸಿ. (ಪ್ಯಾರಿಸ್‌ನ ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್‌ನಲ್ಲೂ 1987ರಲ್ಲಿ ಬಿಸಿಲಿಗೆ ತಾನೇ ಕಿರಿದಾಗುವ ಜಾಲರಿ ಕೂರಿಸಿದ್ದರು. ಅವೂ ಕೆಟ್ಟು ನಿಂತಿದ್ದವು. ನಮ್ಮ ಸಮಾಧಾನಕ್ಕೆ ಹೇಳಿದೆ, ಅಷ್ಟೇ.)

ಮೋಟಾರ್ ಹೋದ ಮೇಲೆ ರೇಟು ಅರ್ಧ ಆಗಬೇಕಲ್ವಾ ಅಂತ ಕೇಳುತ್ತಿದ್ದೀರಿ. ಆಗುವುದಿಲ್ಲ. ದುಡ್ಡು ಮೋಟಾರಿಗಿಂತ ಜಾಸ್ತಿ ಹೋಗುವುದು ಅಲ್ಯೂಮಿನಿಯಂಗೆ. ಅದರ ರೇಟು ಲಂಡನ್ ಮಾರುಕಟ್ಟೆಯಲ್ಲಿ ಡಾಲರ್ ಲೆಕ್ಕದಲ್ಲಿ ಏರಿ ಇಳಿಯುತ್ತದೆ, ನಮ್ಮ ಕೈಯಲ್ಲಿಲ್ಲ. ಮೇಲೆ 18% ಜಿಎಸ್‌ಟಿ. ಅದೂ ನಮ್ಮ ಜೇಬಿಗಲ್ಲ. ಇನ್ನು ಸ್ಕ್ರೂ. ಮಂಗಳೂರಿನ ಉಪ್ಪು ಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಕಂದು ಕಲೆ ಬೀಳುತ್ತದೆ, ಹಾಗಾಗಿ ತುಕ್ಕಿಗೆ ಹೆಚ್ಚು ತಡೆಯುವ 316 ದರ್ಜೆಯದು ಹಾಕುತ್ತೇವೆ. ಸ್ಟೀಲು ನೇರ ಅಲ್ಯೂಮಿನಿಯಂಗೆ ತಾಗಬಾರದೆಂದು ನಡುವೆ ನೈಲಾನ್ ವಾಷರ್. ವಾಷರ್ ಇಲ್ಲದ ಕೆಲಸ ನೋಡಬೇಕೆ? ಎಲ್ಲಾದರೂ ಅಗ್ಗಕ್ಕೆ ಹಾಕಿಸಿದ ಕಿಟಕಿಯಲ್ಲಿ ಸ್ಕ್ರೂ ಸುತ್ತ ಬೆರಳಾಡಿಸಿ. ಬಿಳಿ ಹುಡಿ ಅಂಟುತ್ತದೆ. ಅದು ಧೂಳಲ್ಲ, ಅಲ್ಯೂಮಿನಿಯಂ ತಿಂದುಹೋಗುತ್ತಿರುವುದು. ಮೂರನೇ ಮಹಡಿಗೆ ಕಟ್ಟುವ ಸ್ಕ್ಯಾಫೋಲ್ಡಿಂಗ್ ಬಾಡಿಗೆಯಂತೂ ಕೇಳಲೇಬೇಡಿ.

ಇನ್ನೊಂದು ಮಾತು ಕೇಳಿ ಕೇಳಿ ಸಾಕಾಗಿದೆ: "ಒಳಗೆ ದಪ್ಪ ಪರದೆ ಹಾಕಿದರೆ ಸಾಲದೇ? ಕಾಲು ಭಾಗ ದುಡ್ಡಲ್ಲಿ ಮುಗಿಯುತ್ತೆ."

ಸಾಲದು. ಮನೆಯೊಳಗೆ ಬಂದು ಕೊಡೆ ಬಿಚ್ಚಿದ ಹಾಗೆ ಅದು. ಬಿಸಿಲು ಗಾಜು ದಾಟಿ ಬಂದಾಯಿತು, ಪರದೆ ಕಾಯಿತು. ಕಾದ ಪರದೆಯ ಶಾಖವನ್ನು ಗಾಜು ಹಾಗೆಯೇ ಹೊರಗೆ ಬಿಡುವುದಿಲ್ಲ. ಕೋಣೆಯಲ್ಲೇ ಉಳಿಯುತ್ತದೆ, ಎಸಿ ಅದನ್ನೇ ಎಳೆದು ಹಾಕಬೇಕು. ನಂಬಿಕೆ ಬಾರದಿದ್ದರೆ ಸಂಜೆ 4ಕ್ಕೆ ಪಶ್ಚಿಮದ ಕಿಟಕಿಯಲ್ಲಿ ಗಾಜಿಗೂ ಪರದೆಗೂ ನಡುವೆ ಕೈಯಿಟ್ಟು ನೋಡಿ. ಬಿಳಿ ಪರದೆ ಸ್ವಲ್ಪ ಬೆಳಕನ್ನು ವಾಪಸ್ ತಳ್ಳುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಗಾಳಿಯನ್ನೂ ತಡೆಯುತ್ತದೆ. ನಮ್ಮೂರಿನ ಸೆಕೆಗೆ ಗಾಳಿ ನಿಂತರೆ ಮತ್ತೇನು ಉಳಿಯಿತು? ಕಿಟಕಿ ಮೇಲೆ ಚಾಚಿದ ಸಜ್ಜಾ ಇದೆಯಲ್ಲ ಅನ್ನುವವರಿಗೂ ಹೇಳುತ್ತೇನೆ. ನಡುಮಧ್ಯಾಹ್ನದ ಬಿಸಿಲಿಗೆ ಅದು ಸರಿ. ಸಂಜೆಯ ಓರೆ ಬಿಸಿಲು ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ. ಹೊರಗಿನ ಪಟ್ಟಿ ಅರ್ಧ ವಾಲಿಸಿದರೆ ಬಿಸಿಲು ಅಲ್ಲೇ ನಿಲ್ಲುತ್ತದೆ, ಸಂದಿಯಿಂದ ಗಾಳಿ ಬರುತ್ತದೆ. ಹಾಗಂತ ಎಲ್ಲ ಕಿಟಕಿಗೂ ಹಾಕಿಸಿ ಅನ್ನುತ್ತಿಲ್ಲ. ಜಗಲಿಯ ನೆರಳಲ್ಲಿರುವ ಕಿಟಕಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅಲ್ಲಿ ಪರದೆಯೇ ಸಾಕು. ಇದನ್ನು ಹೇಳಿ ಎಷ್ಟೋ ಆರ್ಡರ್ ನಾವೇ ಕಳೆದುಕೊಂಡಿದ್ದೇವೆ.

ಈಗಾಗಲೇ ಮೋಟಾರ್ ಇರುವವರು ಗಾಬರಿಯಾಗಬೇಡಿ. ಸೆನ್ಸರ್ ತೆಗೆದು ಬರೀ ಸ್ವಿಚ್ ಹಾಕಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ಹಿಡಿಕೆಯೇ ಬೇಕಾದರೆ ಸಾಮಾನಿನ ಬೆಲೆ ಮಾತ್ರ ಕೊಡಿ, ಕೂಲಿ ನಮ್ಮದು. ಮಳೆ ಹಿಡಿಯುವ ಮೊದಲು ಎಲ್ಲ ಮನೆಗೂ ಬರುತ್ತೇವೆ, ಸಮುದ್ರದ ಕಡೆಯವರಿಗೆ ಮೊದಲು. ಕಳೆದ ವರ್ಷ ಎರಡು ಸಲ ಬರುತ್ತೇನೆಂದು ಹೇಳಿ ಬಾರದೆ ಇದ್ದ ಮನೆಗಳ ಪಟ್ಟಿ ನನ್ನ ಮೇಜಿನ ಮೇಲಿದೆ. ಅಲ್ಲಿಂದಲೇ ಶುರು.

ಫೋನ್ ನಂಬರ್ ಹಳೆಯದೇ. ಎತ್ತುವವನೂ ನಾನೇ.

ನಿಮ್ಮ,
ಲೂವರ್ ವರ್ಕ್‌ಶಾಪಿನವರು, ಮಂಗಳೂರು