ಆ ಬೂಟಿನ ಮುದುಕನನ್ನ ಯಾಕಪ್ಪಾ ಬಿಟ್ಟೆ?

ತಮ್ಮಾ,

ನಿನ್ನ ಮೇಲ್ ಬಂದು ಮೂರು ವಾರ ಆಯ್ತು, ಉತ್ತರ ತಡ ಆಯ್ತು ಅಂತ ಬೇಜಾರ್ ಮಾಡ್ಕೋಬೇಡ, ನಿನ್ನ ಕಾದಂಬರಿಯ 214 ಪುಟ ಓದ್ಬೇಕಿತ್ತಲ್ಲ, ಅದೂ ಈ ಕಣ್ಣಲ್ಲಿ. ಮೊದ್ಲು ಒಂದು ಮಾತು, ಸಾಲಿಗೊಂದ್ಸಲ ಮೇಡಂ ಮೇಡಂ ಅಂತ ಬರ್ದಿದ್ದೀಯ, ಅಕ್ಕ ಅಂದ್ರೆ ಸಾಕು. ಇನ್ನೊಂದು, ಕೊನೇಲಿ "ನೀವೂ ಚೆನ್ನಾಗಿಲ್ಲ ಅಂದ್ರೆ ಬರೆಯೋದೇ ಬಿಟ್ಬಿಡ್ತೀನಿ" ಅಂದಿದ್ದೀಯಲ್ಲ, ಅದನ್ನ ಓದಿ ಮೊದ್ಲು ಸಿಟ್ಟು ಬಂತು, ಆಮೇಲೆ ರಾತ್ರಿ ದೀಪ ಆರಿಸಿ ಮಲಗಿದ್ಮೇಲೆ ಸಂಕಟ ಆಯ್ತು. ಇನ್ನೂ ಶುರುವೇ ಮಾಡಿಲ್ಲ, ಬಿಡೋದೇನನ್ನೋ?

ಅಧ್ಯಾಯ ಎಷ್ಟುದ್ದ ಇರ್ಬೇಕು, ಯಾರಿಗೆ ಕಳಿಸ್ಬೇಕು, ಸ್ಟಾರ್ ವಾರ್ಸ್ ಅನ್ನೋ ಆ ಬಾಹ್ಯಾಕಾಶದ ಸಿನಿಮಾಗಳ ಪಾತ್ರ ಇಟ್ಕೊಂಡು ಬರೆದದ್ದನ್ನ ಅಚ್ಚು ಹಾಕಿಸ್ಬೋದಾ ಅಂತೆಲ್ಲ ಕೇಳಿದ್ದೀಯ. ಪಾತ್ರಗಳು ಕಂಪನಿ ಸೊತ್ತು, ಮಾರ್ಕೊಳ್ಳೋಕೆ ನಿನ್ನವಲ್ಲ. ಮಿಕ್ಕಿದ್ದೆಲ್ಲ ಯಾರಾದ್ರೂ ಹೇಳ್ತಾರೆ, ನಂಗೆ ಅದ್ರಲ್ಲಿ ಆಸಕ್ತಿ ಇಲ್ಲ. ನಂಗೆ ತಲೆ ಕೆಟ್ಟಿದ್ದು ನೀನು ಕಾದಂಬರಿ ಜೊತೆ ಲಗತ್ತಿಸಿದ ಆ ಎಕ್ಸೆಲ್ ಶೀಟ್ ನೋಡಿ.

ಏನೋ ಅದು? "2015, 2017, 2019ರ ಸಿನಿಮಾಗಳಲ್ಲಿ ಅಭಿಮಾನಿಗಳಿಗೆ ಆದ ನೋವು" ಅಂತ ತಲೆಬರಹ, ಕೆಳಗೆ 31 ದೂರು, ಪ್ರತಿ ದೂರಿನ ಪಕ್ಕ ಅದನ್ನ ನಿನ್ನ ಕಥೇಲಿ ಯಾವ ಪುಟದಲ್ಲಿ ಸರಿ ಮಾಡಿದ್ದೀಯ ಅನ್ನೋ ನಂಬರು, ಅದ್ರ ಪಕ್ಕ ಹಸಿರು ಟಿಕ್ ಮಾರ್ಕು. ಹೀರೋ ಲ್ಯೂಕ್ ಹೇಡಿ ಥರ ಅಡಗಿ ಕೂತಿದ್ದ, ಸರಿ ಮಾಡಿದೆ, ಟಿಕ್. ಹಳೇ ಸಿನಿಮಾಗಳ ಲ್ಯೂಕ್, ಲೇಯಾ, ಹಾನ್ ಮೂವರೂ ಒಂದೇ ಸೀನಲ್ಲಿ ಒಂದ್ಸಲಾನೂ ಸೇರ್ಲಿಲ್ಲ, ಪುಟ 88ರಲ್ಲಿ ಸೇರಿಸಿದೆ, ಟಿಕ್. ಅಲ್ಲಾ, ಆ ದೂರು ನಂದೂ ಹೌದು, ಮೂವರನ್ನೂ ಕರ್ಕೊಂಡ್ ಬಂದು ಒಂದ್ಸಲ ಎದುರುಬದುರು ನಿಲ್ಲಿಸ್ದೇ ಇದ್ದಿದ್ದು ನಂಗೂ ಹೊಟ್ಟೆ ಉರಿಸಿದೆ. ಆದ್ರೆ ನಿನ್ನ 88ನೇ ಪುಟದಲ್ಲಿ ಮೂವರೂ ಸೇರಿ ಮಾಡೋದೇನು? ಒಬ್ಬರನ್ನೊಬ್ಬರು ತಬ್ಕೊಂಡು ಹಳೇ ಜೋಕ್ ಹೇಳ್ಕೊಂಡು ನಗ್ತಾರೆ. ಅದು ಕಥೆ ಅಲ್ಲಪ್ಪ, ಗ್ರೂಪ್ ಫೋಟೋ.

ನಿನ್ನಂಥವರ ಆಸೆ ನಂಗೆ ಅರ್ಥ ಆಗಲ್ಲ ಅನ್ಕೋಬೇಡ. 1983ರಲ್ಲಿ ಮೂರನೇದು ಬಂದು ಕಥೆ ಮುಗೀತು, ಮುಂದಿನದಕ್ಕೆ 1999ರ ತನಕ ಹದಿನಾರು ವರ್ಷ ಕಾಯ್ಬೇಕಾಯ್ತು, ಅದೂ ಮುಂದಿನ ಕಥೆ ಅಲ್ಲ, ಹಿಂದಿನ ಕಥೆ. ಅದರ ಟ್ರೇಲರ್ ನೋಡೋಕಂತ್ಲೇ ಅಮೆರಿಕದಲ್ಲಿ ಜನ ಬೇರೆ ಸಿನಿಮಾಗೆ ಟಿಕೆಟ್ ತಗೊಂಡು, ಟ್ರೇಲರ್ ಮುಗಿದ ತಕ್ಷಣ ಎದ್ದು ಹೋಗ್ತಿದ್ರಂತೆ. ಆಮೇಲೆ 2012ರ ಅಕ್ಟೋಬರ್ 30ಕ್ಕೆ ಡಿಸ್ನಿ 405 ಕೋಟಿ ಡಾಲರಿಗೆ ಈ ಸಿನಿಮಾಗಳ ಕಂಪನಿ ಲ್ಯೂಕಾಸ್‌ಫಿಲ್ಮ್ ತಗೊಂತು, ಏಳನೇ ಭಾಗ 2015ಕ್ಕೆ ಅಂತ ಅದೇ ದಿನ ಹೇಳಿದ್ರು. ಆ ದಿನ ನನ್ನ ಪರಿಚಯದ ಒಬ್ಬ ಹುಚ್ಚು ಅಭಿಮಾನಿ ಫೋನ್ ಮಾಡಿ ಐದು ನಿಮಿಷ ಕುಣಿದ, ಆರನೇ ನಿಮಿಷಕ್ಕೆ "ಹಾಳು ಮಾಡ್ಬಿಟ್ರೆ ಏನಕ್ಕಾ ಮಾಡೋದು" ಅಂತ ಕೂತ. ಆಸೆ ಇದ್ದಲ್ಲೇ ಭಯಾನೂ ಇತ್ತು ಅವನಿಗೆ. ಓದುಗನಿಗೆ, ನೋಡುಗನಿಗೆ ಅದೆಲ್ಲ ಸರಿ, ಅವನ ಹಕ್ಕು ಅದು. ಬರೆಯೋನಿಗೆ ಆ ಹಕ್ಕಿಲ್ಲ ಅನ್ನೋದೇ ನನ್ನ ಜಗಳ, ಮೂವತ್ತು ವರ್ಷದಿಂದ ಎಲ್ಲರ ಹತ್ರಾನೂ ಇದೇ ಜಗಳ ಆಡ್ಕೊಂಡು ಬಂದಿದ್ದೀನಿ, ಇವತ್ತು ನಿನ್ನ ಸರದಿ.

ಈ ಕಥೆಯ ಮುಂದಿನ ಭಾಗ ಅಂತ ಮೊದಲು ಬರೆಸಿದ್ದು ಯಾವ್ದು ಗೊತ್ತಾ? 1980ರ ಸಿನಿಮಾ ಅಲ್ಲ. 1978ರಲ್ಲಿ ಬಂದ ಅಲನ್ ಡೀನ್ ಫೋಸ್ಟರ್ ಬರೆದ ಒಂದು ಕಾದಂಬರಿ. 1977ರ ಮೊದಲ ಸಿನಿಮಾ ಓಡದೇ ಹೋದ್ರೆ ಕಡಿಮೆ ದುಡ್ಡಲ್ಲಿ ಇನ್ನೊಂದು ತೆಗೆಯೋಕಾಗ್ಬೇಕು ಅನ್ನೋ ಲೆಕ್ಕದಲ್ಲಿ ಬರೆಸಿದ್ದು. ಅದಕ್ಕೇ ಇಡೀ ಕಥೆ ಮಂಜು ಮುಸುಕಿದ ಒಂದು ಗ್ರಹದಲ್ಲಿ ನಡೆಯುತ್ತೆ, ಮಂಜಿದ್ರೆ ಸೆಟ್ ಖರ್ಚು ಕಮ್ಮಿ. ಹಾನ್ ಸೋಲೋ ಇಲ್ಲ, ಯಾಕಂದ್ರೆ ಆ ಪಾತ್ರದ ನಟ ಹ್ಯಾರಿಸನ್ ಫೋರ್ಡ್ ಮುಂದಿನದಕ್ಕೆ ಸಹಿ ಹಾಕಿರ್ಲಿಲ್ಲ. ಲ್ಯೂಕ್ ಲೇಯಾ ಮಧ್ಯೆ ಅಷ್ಟಿಷ್ಟು ಪ್ರೇಮದ ವಾಸನೆ ಬೇರೆ, ಅಣ್ಣ ತಂಗಿ ಅಂತ ಆಗ ಯಾರಿಗೆ ಗೊತ್ತಿತ್ತು! ಫೋಸ್ಟರ್ ತಪ್ಪೇನಿಲ್ಲ, ಕೊಟ್ಟ ಕೆಲಸ ಮಾಡಿದಾರೆ. ಆದ್ರೆ ಆ ಮಂಜು ನಂಗೆ ಯಾವಾಗ್ಲೂ ನೆನಪಾಗುತ್ತೆ. ನಷ್ಟ ಆಗ್ಬಾರ್ದು, ತಪ್ಪಾಗ್ಬಾರ್ದು ಅಂತ ಬರೆದಾಗ ಪುಟದ ಮೇಲೆ ಇಳಿಯೋದು ಅದೇ. ನಿನ್ನ 214 ಪುಟದಲ್ಲೂ ಸುಮಾರು ಕಡೆ ಕವಿದಿದೆ.

ಈಗ 1980ಕ್ಕೆ ಬಾ. ಆ ಸಿನಿಮಾದ ಮೊದಲ ಕರಡು ಬರೆದದ್ದು ಲೀ ಬ್ರ್ಯಾಕೆಟ್, ಕರಡು ಕೊಟ್ಟ ಸ್ವಲ್ಪ ದಿನಕ್ಕೇ, 1978ರ ಮಾರ್ಚಲ್ಲಿ ತೀರ್ಕೊಂಡ್ರು. ಆ ಕರಡಲ್ಲಿ ಲ್ಯೂಕ್ ತಂದೆ ಬೇರೆ, ಖಳ ವೇಡರ್ ಬೇರೆ. ವೇಡರೇ ತಂದೆ ಅನ್ನೋದು ಆಮೇಲೆ ಬಂದಿದ್ದು. ಅದನ್ನ ಎಷ್ಟು ಗುಟ್ಟಾಗಿ ಇಟ್ರು ಅಂದ್ರೆ, ಶೂಟಿಂಗಲ್ಲಿ ವೇಡರ್ ವೇಷದೊಳಗಿದ್ದ ಡೇವಿಡ್ ಪ್ರೌಸ್‌ಗೂ ಸುಳ್ಳು ಡೈಲಾಗ್ ಕೊಟ್ಟಿದ್ರು, ನಿನ್ನಪ್ಪನ್ನ ಕೊಂದಿದ್ದು ಓಬಿವಾನ್ (ಲ್ಯೂಕ್ ಗುರು) ಅಂತ. ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್‌ಗೆ ಮಾತ್ರ ಶಾಟ್‌ಗೆ ಮುಂಚೆ ನಿಜ ಹೇಳಿದ್ರು. ಧ್ವನಿ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ಆ ಸಾಲು ಓದಿ, ಇವನು ಸುಳ್ಳು ಹೇಳ್ತಿದಾನೆ ಅನ್ಕೊಂಡ್ರಂತೆ! ಮುಂದಿನ ಮೂರು ವರ್ಷ ನೋಡಿದವರೂ ಅದನ್ನೇ ವಾದ ಮಾಡ್ಕೊಂಡು ಕೂತ್ರು, ನಿಜಾನೋ ಸುಳ್ಳೋ ಅಂತ.

ಈಗ ನೀನು ಹೇಳು, 1977ರಲ್ಲಿ ಯಾರಾದ್ರೂ ನಿನ್ನ ಥರ ಎಕ್ಸೆಲ್ ಶೀಟ್ ಮಾಡಿದ್ರೆ, ಅಭಿಮಾನಿಗಳ ಆಸೆ ಅಂತ, ಅದ್ರಲ್ಲಿ ಈ ಸಾಲು ಇರ್ತಿತ್ತಾ? ಹೀರೋ ಕೈ ಕತ್ತರಿಸಿ ಹೋಗ್ಲಿ, ಅವನಪ್ಪನೇ ರಾಕ್ಷಸ ಆಗಿರ್ಲಿ, ಗೆಳೆಯ ಹೆಪ್ಪುಗಟ್ಟಿ ಗೋಡೆಗೆ ನೇತುಹಾಕೋ ಸಾಮಾನಾಗ್ಲಿ, ಸಿನಿಮಾ ಅಲ್ಲಿಗೇ ಮುಗೀಲಿ ಅಂತ ಯಾವನು ಬರ್ದಿರ್ತಿದ್ದ? ಇವತ್ತು ಎಲ್ಲಕ್ಕಿಂತ ಶ್ರೇಷ್ಠ ಅಂತ ಜನ ತಲೆ ಮೇಲೆ ಹೊತ್ಕೊಂಡಿರೋದು ಅದನ್ನೇ. ಬಂದಾಗ ವಿಮರ್ಶಕರಲ್ಲಿ ಸುಮಾರು ಜನ ಮೂಗು ಮುರ್ದಿದ್ರು, ಅದೂ ನೆನಪಿರ್ಲಿ.

2015ರದ್ದು ಎಲ್ಲಿ ನಿಲ್ಲುತ್ತೆ ಹೇಳು. ಬಂಡೆ ಮೇಲೆ ಒಬ್ಬ ಮುದುಕ, ಅದೇ ಲ್ಯೂಕ್, ಎದುರಿಗೆ ಒಂದು ಹುಡುಗಿ, ಕೈ ಚಾಚಿ ಅವನ ಹಳೇ ಬೆಳಕಿನ ಕತ್ತಿ, ಲೈಟ್‌ಸೇಬರ್ ಹಿಡ್ಕೊಂಡಿದಾಳೆ, ಅವನು ತಗೊಳ್ಳಲ್ಲ, ಮಾತಾಡಲ್ಲ, ಸುಮ್ನೆ ನೋಡ್ತಾನೆ. ಎರಡು ವರ್ಷ ಆ ಕೈ ಚಾಚ್ಕೊಂಡೇ ಇತ್ತು. 2017ರಲ್ಲಿ ಅವನು ಅದನ್ನ ತಗೊಂಡು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ನಿನ್ನ ಶೀಟಲ್ಲಿ ಇದು ನಂಬರ್ ಒಂದು, ದಪ್ಪಕ್ಷರದಲ್ಲಿ. ನಂಗೆ ಎಸೆದದ್ದು ಸರಿ ಅನ್ಸಿತ್ತು, ಎಸೆದ ರೀತಿ ತಮಾಷೆ ಥರ ಆಯ್ತು ಅದು ಇಷ್ಟ ಆಗ್ಲಿಲ್ಲ. ಲ್ಯೂಕ್ ಪಾತ್ರದ ಬಗ್ಗೆ ತಾನು ನಿರ್ದೇಶಕರ ಜೊತೆ ಒಪ್ಪಲ್ಲ ಅಂತ ಹ್ಯಾಮಿಲ್ಲೇ ಬಾಯ್ಬಿಟ್ಟು ಹೇಳಿದಾರೆ, ಹಾಗಾಗಿ ನೀನು ಒಪ್ದೇ ಇದ್ರೆ ಒಳ್ಳೇ ಜೊತೇನೇ ಇದೆ ನಿಂಗೆ. ಆದ್ರೆ ಅಲ್ಲಿ ಬರೆದೋನು ಅವನ ತಲೇಲಿ ಏನಿತ್ತೋ ಅದನ್ನ ಬರೆದ. 2019ರದ್ದು ನೋಡು. ಹಿಂದಿನ ಸಿನಿಮಾದಲ್ಲಿ ಹುಡುಗಿ ಅಪ್ಪ ಅಮ್ಮ ಯಾರೂ ಅಲ್ಲ ಅಂದಿದ್ರು, ಜನ ಗಲಾಟೆ ಮಾಡಿದ್ರು, ಈಗ ಅವಳು ಖಳ ಚಕ್ರವರ್ತಿ ಪಾಲ್ಪಟೀನ್ ಮೊಮ್ಮಗಳು. ಪಾಲ್ಪಟೀನ್ 1983ರಲ್ಲೇ ಸತ್ತಿದ್ನಲ್ಲ ಅಂದ್ರೆ, ಹೆಂಗೋ ಬಂದ. ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ, ಸಿನಿಮಾದಲ್ಲೇ ಒಬ್ಬ ಹೆಚ್ಚೂಕಮ್ಮಿ ಹಂಗೇ ಹೇಳ್ತಾನೆ, ಹೆಂಗೋ ವಾಪಸ್ ಬಂದಿದಾನೆ ಅಂತ. ಪಕ್ಕದಲ್ಲಿ ಪಟ್ಟಿ ಇಟ್ಕೊಂಡು ಬರೆದ್ರೆ ಈ 'ಹೆಂಗೋ' ಬಂದೇ ಬರುತ್ತೆ. ನಿನ್ನಲ್ಲೂ ಇದೆ, ಪುಟ 132, ಸತ್ತ ಓಬಿವಾನ್ ಹೆಂಗೋ ಬಂದು ಒಂದೂವರೆ ಪುಟ ಎಲ್ಲ ವಿವರಿಸಿ ಹೋಗ್ತಾನೆ. ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೀನಿ, ಪೆನ್ನು ಹಾಳೆ ಹರಿದಿದೆ, ಕ್ಷಮಿಸು.

ಇಷ್ಟು ಜೋರಾಗಿ ಹೇಳೋಕೆ ನಂಗೇನು ಹಕ್ಕು ಅಂದ್ರೆ, ನಾನೂ ಇದನ್ನ ಮಾಡಿದ್ದೀನಿ. ನನ್ನ ಎರಡನೇ ಕಾದಂಬರಿ ಧಾರಾವಾಹಿಯಾಗಿ ಬಂತಲ್ಲ, ಅದ್ರಲ್ಲಿ ದೊಡ್ಡಕ್ಕ ಮನೆ ಬಿಟ್ಟು ಹೋಗ್ತಾಳೆ, ಎಲ್ಲಿಗೆ ಅಂತ ನಾನು ಬರೀಲಿಲ್ಲ, ಗೊತ್ತಿರ್ಲಿಲ್ಲ, ಗೊತ್ತಿಲ್ಲದೇ ಇರೋದೇ ಚಂದ ಅನ್ಸಿತ್ತು. ಕಾಗದದ ಮೇಲೆ ಕಾಗದ ಬಂದ್ವು, ಅವಳನ್ನ ವಾಪಸ್ ಕರೆಸಿ ಅಂತ. ಸಂಪಾದಕರು (ಹೆಸರು ಬೇಡ, ಈಗಿಲ್ಲ ಅವರು) ಆ ಕಾಗದಗಳನ್ನ ಒಂದು ರಟ್ಟಿನ ಡಬ್ಬಿಗೆ ತುಂಬಿ ಕಳಿಸಿ, ಎರಡನೇ ಭಾಗ ಯಾವಾಗ ಅಂದ್ರು. ಬರೆದೆ. ಕರೆಸಿದೆ. ಅವಳು ಬಾಗಿಲಲ್ಲಿ ನಿಂತು ಎಲ್ಲರ ಕ್ಷಮೆ ಕೇಳ್ತಾಳೆ ಕಣೋ! ಮನೆ ಬಿಡೋ ದಿನ ಚಪ್ಪಲಿ ಕೂಡ ಸದ್ದು ಮಾಡ್ದಂಗೆ ಕೈಲಿ ಹಿಡ್ಕೊಂಡು ಹೋಗಿದ್ದ ಹೆಂಗಸು ಬಂದು ಕ್ಷಮೆ ಕೇಳಿದ್ಲು, ಯಾಕಂದ್ರೆ ಓದುಗರಿಗೆ ಅಳ್ಬೇಕಿತ್ತು. ಅತ್ರು, ಹೊಗಳಿದ್ರು, ಸನ್ಮಾನಾನೂ ಆಯ್ತು. ಆಮೇಲೆ ಒಂದೇ ಒಂದು ಕಾರ್ಡ್ ಬಂತು, ಹೆಸರಿಲ್ಲ, ಊರಿಲ್ಲ, "ನಾನೂ ಹಂಗೇ ಮನೆ ಬಿಟ್ಟೋಳು. ನಿಮ್ಮ ದೊಡ್ಡಕ್ಕ ಇದಾಳೆ ಅನ್ಕೊಂಡಿದ್ದೆ" ಅಂತ, ಅಷ್ಟೇ. ಡಬ್ಬಿ ಯಾವಾಗ್ಲೋ ಎಸೆದೆ. ಆ ಕಾರ್ಡ್ ಇನ್ನೂ ಇಟ್ಕೊಂಡಿದ್ದೀನಿ.

ನಿನ್ನ ಅಭಿಮಾನಿ ಗುಂಪಲ್ಲಿ ನಿಂಗೆ ಬೈದರಲ್ಲ, "ಲ್ಯೂಕ್ ಹಂಗೆ ಮಾಡಲ್ಲ" ಅಂತ, ಅದಕ್ಕೆ ಎರಡು ದಿನ ಊಟ ಬಿಟ್ಟೆ ಅಂದಿದ್ದೀಯ. ನೋವಾಗುತ್ತೆ, ಇಲ್ಲ ಅನ್ನಲ್ಲ. ಪ್ರೀತಿ ಮಾಡೋರು ಎಷ್ಟು ಕೆಟ್ಟದಾಗಿ ನಡ್ಕೋತಾರೆ ಅನ್ನೋಕೆ ಈ ಕಥೇಲೇ ಬೇಕಾದಷ್ಟಿದೆ. 1999ರದ್ರಲ್ಲಿ ಜಾರ್ ಜಾರ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಆ ಬೈಗುಳದಿಂದ ಪ್ರಾಣ ಕಳ್ಕೊಳ್ಳೋ ಯೋಚನೆ ತನಕ ಹೋಗಿದ್ದೆ ಅಂತ 2018ರಲ್ಲಿ ಹೇಳ್ಕೊಂಡ್ರು. ಅದೇ ವರ್ಷ 2017ರದ್ರ ನಟಿ ಕೆಲ್ಲಿ ಮೇರಿ ಟ್ರ್ಯಾನ್ ಬೈಗುಳ ತಿಂದು ಇನ್‌ಸ್ಟಾಗ್ರಾಂ ಪೋಸ್ಟ್ ಎಲ್ಲ ಅಳಿಸಿಹಾಕಿದ್ರು. ಒಂದು ಸಿನಿಮಾ ಹಾಳಾಯ್ತು ಅನ್ನೋ ಭಯಕ್ಕೆ, ಬದುಕಿರೋ ಮನುಷ್ಯರನ್ನ! ನಿಂಗೆ ಬೈದೋರು ನಾಳೆ ನಿನ್ನ ಶೀಟ್ ನೋಡಿ ಹೊಗಳ್ತಾರೆ ನೋಡು, ನಂಗೆ ಅದ್ರದ್ದೇ ಹೆಚ್ಚು ಹೆದರಿಕೆ.

ಸರಿ, ಈಗ ಪುಟ 41.

ಯುದ್ಧ ಮುಗಿದಿದೆ, ಸಾಮ್ರಾಜ್ಯ ಬಿದ್ದಿದೆ, ಸಣ್ಣ ಒಂದು ಉಪಗ್ರಹದಲ್ಲಿ ಒಬ್ಬ ಮುದುಕ ಇದಾನೆ, ಸಾಮ್ರಾಜ್ಯದ ಹಡಗಲ್ಲಿ ಬರೀ ನೀರಿನ ಪೈಪ್ ರಿಪೇರಿ ಮಾಡ್ಕೊಂಡಿದ್ದೋನು, ಯಾರ ಮೇಲೂ ಗುಂಡು ಹಾರಿಸಿದವನಲ್ಲ. ದಿನಾ ಬೆಳಿಗ್ಗೆ ಎದ್ದು ಯೂನಿಫಾರ್ಮ್ ಬೂಟು ಪಾಲಿಶ್ ಮಾಡ್ತಾನೆ. ಹಾಕ್ಕೊಂಡು ಹೊರಗೆ ಹೋದ್ರೆ ಕಲ್ಲು ಬೀಳುತ್ತೆ. ಹಂಗಾಗಿ ಪಾಲಿಶ್ ಮಾಡಿ, ಬಟ್ಟೇಲಿ ಸುತ್ತಿ, ಮತ್ತೆ ಮಂಚದ ಕೆಳಗೆ ತಳ್ತಾನೆ. ಎಡಗಾಲಿನ ಬೂಟಿಗೆ ಸ್ವಲ್ಪ ಜಾಸ್ತಿ ಹೊತ್ತು, ಯಾಕಂದ್ರೆ ಅದರ ಹಿಮ್ಮಡಿ ಸವೆದಿದೆ. ಎರಡೂವರೆ ಪುಟ. ನಾನು ಅದನ್ನ ಮೂರು ಸಲ ಓದಿದೆ, ಮೂರನೇ ಸಲ ಜೋರಾಗಿ. ಇದನ್ನ ಯಾವ ಅಭಿಮಾನಿ ಕೇಳಿದ್ದ? ನಿನ್ನ ಶೀಟಲ್ಲಿ ಎಲ್ಲೂ ಇಲ್ಲ ಇವನು, ಹುಡುಕಿದೆ. ನಿಂಗೆ ಇವನು ಎಲ್ಲಿಂದ ಸಿಕ್ಕ?

ಮತ್ತೆ 44ನೇ ಪುಟಕ್ಕೆ ಲ್ಯೂಕ್ ಬರ್ತಾನೆ, ಮುದುಕ ಮಾಯ. 214ರ ತನಕ ಕಾದೆ ಕಣೋ ನಾನು, ಈಗ ಬಂದಾನು, ಈಗ ಬಂದಾನು ಅಂತ. ಬರ್ಲೇ ಇಲ್ಲ. ಲ್ಯೂಕ್‌ನ ನೋಡ್ಕೊಳ್ಳೋಕೆ ಲೋಕದಲ್ಲಿ ಲಕ್ಷಾಂತರ ಜನ ಇದಾರೆ, ಈ ಮುದುಕನಿಗೆ ನಿನ್ನ ಬಿಟ್ರೆ ಯಾರಿದಾರೋ?

ಅವನನ್ನ ಆ ಉಪಗ್ರಹದಿಂದ ಎತ್ಕೊಂಡು ನಿನ್ನದೇ ಒಂದು ಲೋಕಕ್ಕೆ ತಗೊಂಡು ಹೋಗ್ತೀಯೋ, ಅಲ್ಲೇ ಇಟ್ಟು ಬರೀತೀಯೋ, ನಿಂಗೆ ಬಿಟ್ಟಿದ್ದು. ಒಂದು ದಿನ ಅವನು ಆ ಬೂಟು ಹಾಕ್ಕೊಂಡು ಬಾಗಿಲು ತೆಗೀತಾನಾ ಇಲ್ವಾ ನಂಗೆ ಗೊತ್ತಾಗ್ಬೇಕು. ಹತ್ತು ಪುಟ ಕಳಿಸು ಸಾಕು, ಶೀಟ್ ಗೀಟ್ ಏನೂ ಬೇಡ, ಅಕ್ಷರ ಮಾತ್ರ ದೊಡ್ಡದು ಮಾಡಿ ಕಳಿಸು.

ನಿನ್ನ,
ಅಕ್ಕ