ಯಂತ್ರಕ್ಕಿಂತ ಮೊದಲು ನರ್ಸುಗಳು

ಮಾನ್ಯರೇ,

ವಿದೇಶದ ದೊಡ್ಡ ಮಕ್ಕಳ ಆಸ್ಪತ್ರೆಗಳು ನಮ್ಮಂಥ ಜಿಲ್ಲೆಗಳ ಆಸ್ಪತ್ರೆಗಳ ಜೊತೆ ಕೈಜೋಡಿಸಿದರೆ ಮೊದಲು ಸಂತೋಷಪಡುವವಳು ನಾನು. ಕೋಲಾರಕ್ಕೆ ಇದೇನೂ ಹೊಸತಲ್ಲ. ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಕಟ್ಟಿದ ಇಟಿಸಿಎಂ ಆಸ್ಪತ್ರೆಯಲ್ಲಿ ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಹುಟ್ಟಿವೆ. ನವಜಾತ ಶಿಶುಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದ ನಾನು ಕೇಳುವುದಿಷ್ಟೇ: ಒಪ್ಪಂದದಲ್ಲಿ ಯಂತ್ರಗಳಿಗಿಂತ ಮೊದಲು ನರ್ಸುಗಳ ವಿಚಾರ ಬರಲಿ.

ನಾನಿದ್ದ ಒಂದು ಆಸ್ಪತ್ರೆಗೆ ಹೊರದೇಶದಿಂದ ಕೂಸುಗಳನ್ನು ಬೆಚ್ಚಗಿಡುವ ಒಳ್ಳೆಯ ಬೇಬಿ ವಾರ್ಮರ್ ದಾನವಾಗಿ ಬಂತು. ಕೆಲವೇ ತಿಂಗಳಲ್ಲಿ ಮಗುವಿನ ಮೈಬಿಸಿ ಅಳೆಯುವ ಪ್ರೋಬ್ ಕೆಟ್ಟಿತು. ಅದಕ್ಕೆ ಹೊಂದುವ ಪ್ರೋಬ್ ಬೆಂಗಳೂರಿನಲ್ಲೂ ಸಿಗಲಿಲ್ಲ. ಅದನ್ನು ನಡೆಸಲು ತರಬೇತಿ ಪಡೆದಿದ್ದ ಸಿಸ್ಟರ್‌ಗೆ ಅಷ್ಟರಲ್ಲಿ ವರ್ಗವಾಗಿತ್ತು. ಯಂತ್ರ ಬಟ್ಟೆ ಹೊದ್ದು ಮೂಲೆ ಸೇರಿತು. ಕಳಿಸಿದವರ ಮನಸ್ಸು ದೊಡ್ಡದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕೆಟ್ಟರೆ ಯಾರನ್ನು ಕೇಳಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ.

ಇನ್ನೊಂದು ಬಗೆಯ ನಂಟೂ ಇದೆ. ಇನ್‌ಕ್ಯುಬೇಟರ್ ಸಾಲದೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಿಯ ಎದೆಗೆ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಮುಂದೆ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಗಳು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಪರೀಕ್ಷಿಸಿದವು. ಮಗು ಚೇತರಿಸಿಕೊಳ್ಳಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗಿಟ್ಟರೆ ಸಾವು ಶೇ 25ರಷ್ಟು ಕಡಿಮೆಯಾಗುತ್ತದೆಂದು 2021ರಲ್ಲಿ ಗೊತ್ತಾಯಿತು. 1ರಿಂದ 1.8 ಕೆ.ಜಿ. ತೂಕದ ಕೂಸುಗಳ ಮಾತಿದು. ಇದಕ್ಕೆ ಶಿಶುಗಳ ತೀವ್ರ ನಿಗಾ ಘಟಕದೊಳಗೇ ತಾಯಿಗೂ ಮಂಚ ಹಾಕಬೇಕು, ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗಬೇಕು, ರಾತ್ರಿಪಾಳಿಯಲ್ಲೂ ಪಕ್ಕದಲ್ಲಿ ನಿಲ್ಲುವ ನರ್ಸ್ ಇರಬೇಕು.

ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ಬರುವ ಬಾಣಂತಿಯರಲ್ಲಿ ಬಹಳ ಮಂದಿಗೆ ತೆಲುಗಿನಲ್ಲೇ ಹೇಳಬೇಕು. ಜೊತೆಗೆ ಬಂದ ಅಜ್ಜಿ "ಹಸಿ ಬಾಣಂತಿ, ಕೂರಿಸಬೇಡಿ" ಎಂದರೆ ಆಕೆಯನ್ನೂ ಒಪ್ಪಿಸಬೇಕು. ಹೊರಗಿನಿಂದ ಬಂದ ತಜ್ಞರು ಎರಡು ದಿನ ಇಂಗ್ಲಿಷಿನಲ್ಲಿ ಪಾಠ ಹೇಳಿ ಹೋದರೆ ಇದಾಗುವುದಿಲ್ಲ. ಇಟಲಿಯ ಮೋಂಜಾದ ವೈದ್ಯರು ನಿಕರಾಗುವಾದ ಮನಾಗುವಾದಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ 1986ರಲ್ಲಿ ಶುರುಮಾಡಿದ ಸಂಬಂಧವನ್ನು ದಶಕಗಟ್ಟಲೆ ಬಿಡದೆ ನಡೆಸಿದರು. ಹಾಗೆ ವರ್ಷಗಟ್ಟಲೆ ಜೊತೆಗಿರುವವರು ಬೇಕು.

ಆದ್ದರಿಂದ ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಯಾವ ದೇಶದವರು ಬಂದರೂ ತರಬೇತಿ ಪಡೆದ ನರ್ಸುಗಳನ್ನು ಕನಿಷ್ಠ ಮೂರು ವರ್ಷ ಅದೇ ವಾರ್ಡಿನಲ್ಲಿ ಉಳಿಸುತ್ತೇವೆಂದು ಒಪ್ಪಂದದಲ್ಲೇ ಬರೆದುಕೊಡಿ. ಬರುವ ಯಂತ್ರಕ್ಕೆ ಬಿಡಿಭಾಗ, ರಿಪೇರಿ ಎಲ್ಲಿ ಸಿಗುತ್ತದೆಂದು ಅವರಿಂದಲೂ ಬರೆಸಿಕೊಳ್ಳಿ. ಇವೆರಡೂ ಇಲ್ಲದ ಕಾಗದಕ್ಕೆ ಸಹಿ ಹಾಕಬೇಡಿ.

– ನಿವೃತ್ತ ಸ್ಟಾಫ್ ನರ್ಸ್, ಕೋಲಾರ